ಸೀಸೆಯಲ್ಲಿದ್ದದ್ದು ತೋಳವೋ ನಾಯಿಯೋ?

ಒಂದು ಪಟ್ಟಣದಲ್ಲಿ ಕಾಡುಪ್ರಾಣಿಗಳ ವಂಶ ಹುಡುಕುವ ಪ್ರಯೋಗಾಲಯವೊಂದಿತ್ತು. ಯಾವ ತೋಳ ಯಾವ ತೋಳಕ್ಕೆ ನೆಂಟ, ಸಾವಿರಾರು ತಲೆಮಾರುಗಳಲ್ಲಿ ಅವು ಹೇಗೆ ಬದಲಾದವು ಎಂದು ನೋಡುವುದು ಅಲ್ಲಿಯವರ ಕಸುಬು. ಅದರ ಮುಖ್ಯಸ್ಥೆ ಸರ್ವಮಂಗಳಾ ಮೇಡಂ. ಒಮ್ಮೆ ಅವರಲ್ಲಿ ಪೋಸ್ಟ್‌ಡಾಕ್ ಜಾಗವೊಂದು ಖಾಲಿಯಾಯಿತು. ಪೋಸ್ಟ್‌ಡಾಕ್ ಎಂದರೆ ಪಿಎಚ್‌ಡಿ ಮುಗಿದು, ಇನ್ನು ಓದುವುದೇನೂ ಉಳಿದಿಲ್ಲ ಎಂದು ಮನೆಯವರೆಲ್ಲ ನಿಟ್ಟುಸಿರು ಬಿಟ್ಟ ಮೇಲೆ ಮತ್ತೆ ಶುರುವಾಗುವ ಓದು. ನಗಬೇಡಿ, ಅಂಥದ್ದೂ ಇದೆ.

ಜಾಗ ಒಂದು, ಕೊನೆಯ ಸುತ್ತಿಗೆ ಉಳಿದವರು ಮೂವರು. ಇಬ್ಬರು ಗಂಡಸರು, ಒಬ್ಬಳು ಸುಚೇತಾ. ಅವಳು ಈಗಾಗಲೇ ಹನ್ನೊಂದು ಕಡೆ ಅರ್ಜಿ ಹಾಕಿ, ಹನ್ನೊಂದು ಕಡೆಯಿಂದಲೂ 'ನಿಮಗೆ ಶುಭವಾಗಲಿ' ಎಂಬ ಪತ್ರ ಪಡೆದವಳು. ಯಾರಾದರೂ ಶುಭ ಹಾರೈಸಿದರೆ ಸಾಕು, ಅವಳು ಅಲ್ಲಿಂದ ಎದ್ದುಹೋಗುತ್ತಿದ್ದಳು. ಮುಂದಿನ ತಿಂಗಳು ಅವಳಿಗೆ ಮೂವತ್ತೈದು ತುಂಬುತ್ತಿತ್ತು. ಅದಾದ ಮೇಲೆ ಇಂಥ ಯಾವ ಜಾಗಕ್ಕೂ ಅರ್ಜಿ ಹಾಕುವ ಹಾಗಿರಲಿಲ್ಲ. ಇದೂ ಕೈತಪ್ಪಿದರೆ ಅವಳ ಪಾಲಿಗೆ ತೋಳಗಳ ಸಹವಾಸವೇ ಮುಗಿದಂತೆ.

ಮೇಡಂ ಮೂವರ ಕೈಗೂ ಒಂದೊಂದು ಪುಟ್ಟ ಸೀಸೆ ಕೊಟ್ಟರು.

"ಮೂರರಲ್ಲೂ ಇರೋದು ಒಂದೇ ಪ್ರಾಣಿಯ ಮಲ. ಇದರಿಂದ ನಿಮಗೆ ಏನು ತಿಳೀತು ಅಂತ ಎಂಟು ದಿನದಲ್ಲಿ ಬರೆದುಕೊಡಿ," ಎಂದರು.

ಮಲ ಎಂದ ಕೂಡಲೇ ಮೂಗು ಮುಚ್ಚಿಕೊಳ್ಳಬೇಡಿ ಮಕ್ಕಳೇ. ಕಾಡಿನ ಪ್ರಾಣಿಯನ್ನು ಅಡ್ಡಗಟ್ಟಿ 'ಒಂದು ತೊಟ್ಟು ರಕ್ತ ಕೊಡಪ್ಪಾ' ಎಂದರೆ ಅದು ಕೊಡುತ್ತದೆಯೇ? ಅದು ಬಿಟ್ಟುಹೋದದ್ದನ್ನೇ ಆ ಕಡೆಯ ಹಳ್ಳಿಯವರಿಂದ ಎತ್ತಿಸಿ ತರಬೇಕು. ಅದರ ಕರುಳಿನ ಕಣಗಳು ಅಲ್ಲಿ ಅಂಟಿಕೊಂಡಿರುತ್ತವೆ. ಆ ಕಣಗಳಲ್ಲಿರುವ ಡಿಎನ್‌ಎ ನೋಡಿ ವಂಶ ಹೇಳುತ್ತಾರೆ.

ಮೊದಲನೆಯವನು ತನ್ನ ಸೀಸೆಯದನ್ನು ಯಂತ್ರಕ್ಕೆ ಒಮ್ಮೆ ಕೊಟ್ಟ. ತೋಳ ಎಂದು ಬಂತು. ಮೂರನೆಯ ದಿನವೇ ಒಂದು ಸಾಲು ಬರೆದಿಟ್ಟು ಸಿನಿಮಾಕ್ಕೆ ಹೋದ. ಎರಡನೆಯವನು ಎರಡು ಸಲ ಕೊಟ್ಟ. ಒಂದು ಸಲ ತೋಳ ಬಂತು, ಇನ್ನೊಂದು ಸಲ ನಾಯಿ ಬಂತು. ಅವನು ಕುರ್ಚಿಯಿಂದ ಜಿಗಿದ.

"ತೋಳಕ್ಕೂ ನಾಯಿಗೂ ಹುಟ್ಟಿದ ಮಿಶ್ರತಳಿ! ಪೇಪರಿನವರಿಗೆ ಹೇಳಬೇಕು!" ಎಂದು ಕ್ಯಾಂಟೀನಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದ. ನಲವತ್ತು ಪುಟಗಳ ವರದಿಯನ್ನೂ ಬರೆದ.

ಸುಚೇತಾ ಐದು ಸಲ ಕೊಟ್ಟಳು. ಮೊದಲ ಸಲ ತೋಳ ಜಾಸ್ತಿ, ನಾಯಿ ಕಮ್ಮಿ. ಎರಡನೆಯ ಸಲ ನಾಯಿ ಜಾಸ್ತಿ. ಮೂರನೆಯ ಸಲ ತೋಳ ಮಾತ್ರ. ನಾಲ್ಕನೆಯ ಸಲ ಎರಡೂ ಇದ್ದವು. ಐದನೆಯ ಸಲ ಏನೂ ಬರಲಿಲ್ಲ. ಅವಳ ತಲೆ ಮೊಸರುಗಡಿಗೆಯಾಯಿತು. ಕೈ ತೊಳೆದು ಬಂದು ನೋಡಿದಳು, ಊಟ ಮಾಡಿ ಬಂದು ನೋಡಿದಳು. ಎಷ್ಟು ಸಲ ನೋಡಿದರೂ ತಲೆಬುಡ ತಿಳಿಯಲಿಲ್ಲ.

'ನಾನೂ ಮಿಶ್ರತಳಿ ಅಂತಲೇ ಬರೆದುಬಿಡಲಾ?' ಎನಿಸಿತು ಅವಳಿಗೆ. ಕೇಳಲು ಚೆನ್ನಾಗಿತ್ತು. ಜಾಗ ಸಿಕ್ಕರೂ ಸಿಗಬಹುದು. ಬರೆಯಲು ಕೂತು ಆರು ಪುಟ ತುಂಬಿಸಿಯೂ ಬಿಟ್ಟಳು. ಮಲ ಎತ್ತಿದ ಜಾಗದ ಹೆಸರು ಬರೆಯಬೇಕಾದಲ್ಲಿ ಕೈ ನಿಂತಿತು. ಅದು ಅವಳಿಗೆ ಗೊತ್ತೇ ಇರಲಿಲ್ಲ.

ಈ ಕಸುಬಿನವರಲ್ಲಿ ಒಂದು ರೂಢಿಯಿದೆ. ಸೀಸೆಯ ಮೇಲೆ ಪೆನ್ನಿನಲ್ಲಿ ಬರೆದರೆ, ಒಳಗಿನದು ಕೆಡದಿರಲೆಂದು ಹಾಕುವ ಸ್ಪಿರಿಟ್ ತಾಗಿ ಅಳಿಸಿಹೋಗುತ್ತದೆ. ಅದಕ್ಕೆ ಪೆನ್ಸಿಲ್ಲಿನಲ್ಲಿ ಚೀಟಿ ಬರೆದು ಸೀಸೆಯ ಒಳಗೇ ಹಾಕುತ್ತಾರೆ. ಮೂರು ಸೀಸೆಯಲ್ಲೂ ಚೀಟಿಯಿತ್ತು. ಮೊದಲಿನ ಇಬ್ಬರು ಅದನ್ನು ಅತ್ತ ಸರಿಸಿ ತಮಗೆ ಬೇಕಾದದ್ದನ್ನಷ್ಟೇ ತೆಗೆದುಕೊಂಡಿದ್ದರು. ಸುಚೇತಾ ಮಾಡಿದ್ದೂ ಅದನ್ನೇ. ಈಗ ಚಿಮುಟದಿಂದ ಚೀಟಿ ಎತ್ತಿ ಓದಿದಳು. ಕೊಪ್ಪಳದ ಕಡೆಯ ಒಂದು ಹಳ್ಳಿಯ ಹೆಸರು, ಹೋದ ವರ್ಷದ ತಾರೀಖು, ಕೆಳಗೆ 'ಎತ್ತಿದವರು: ಯಮನೂರಪ್ಪ, ಕುರಿಗಾರರು'.

ಏಳನೆಯ ದಿನ ಬೆಳಿಗ್ಗೆ ಮೊದಲ ಬಸ್ಸು ಹಿಡಿದಳು.

ಊರ ಹೊರಗಿನ ಕುರುಚಲು ಬಯಲಲ್ಲಿ ಯಮನೂರಪ್ಪ ಕಂಬಳಿ ಹೊದ್ದು ಕುರಿ ಮೇಯಿಸುತ್ತಿದ್ದ. ಪಕ್ಕದಲ್ಲಿ ಒಂದು ಕರಿ ನಾಯಿ ಮಲಗಿತ್ತು. ಸುಚೇತಾ ತಾನು ಯಾರು, ಯಾಕೆ ಬಂದೆ ಎಂದು ಹೇಳಿ ಕೇಳಿದಳು.

"ಅಜ್ಜಾ, ಅದು ತೋಳದ್ದೇನಾ?"

"ತ್ವಾಳದ್ದಲ್ಲದ ನಂದೇನವಾ?" ಎಂದ ಮುದುಕ. "ಕಣ್ಣಾರೆ ಕಂಡೇನಿ. ಅದು ಹಾಕಿ ಹೋತು, ನಾ ಎತ್ತಿದೆ."

"ಅದರಲ್ಲಿ ನಾಯೀನೂ ಸಿಗ್ತಿದೆ ಅಜ್ಜಾ."

"ಸಿಗದ ಏನು? ಹಿಂದಿನ ದಿನಾನ ನಮ್ಮ ನಾಯಿಮರಿ ಹೊತ್ಕೊಂಡು ಹೋಗಿತ್ತು. ತಿಂದದ್ದು ಎಲ್ಲಿ ಹೊಕ್ಕೈತಿ?"

ಸುಚೇತಾಳಿಗೆ ಕುಣಿಯುವಷ್ಟು ಖುಷಿಯಾಯಿತು. ನಾಯಿ ಇದ್ದದ್ದು ತೋಳದ ವಂಶದಲ್ಲಲ್ಲ, ಊಟದಲ್ಲಿ! ಎದ್ದು ಹೊರಟೇಬಿಟ್ಟಳು. ಆಗ ಮುದುಕ ಕೂಗಿದ.

"ನಿಂದ್ರ ತಂಗಿ, ಇನ್ನೊಂದೈತಿ. ನಾ ಚೀಲ ತರಾಕ ಹೋಗಿ ಬರೂದ್ರಾಗ ಈ ನನ್ನ ಮಗ ಅದರ ಮ್ಯಾಲ ಕಾಲೆತ್ತಿದ್ದ."

ಕರಿ ನಾಯಿ ಏನೂ ಅರಿಯದ ಹಾಗೆ ಬಾಲ ಆಡಿಸಿತು. ಸುಚೇತಾ ವಾಪಸು ಬಂದು ಮುದುಕನ ಎದುರು ಕೂತಳು.

"ಇದನ್ನ ಯಾರಿಗಾದ್ರೂ ಹೇಳಿದ್ರಾ?"

"ಕೇಳಿದವರ‍್ಯಾರು?"

"ಹೋಗಲಿ, ಈ ಕಡೆ ತೋಳವೂ ನಾಯಿಯೂ ಕೂಡೋದುಂಟಾ?"

"ಇದ್ದರೂ ಇರಬಹುದವಾ. ಅವುಗಳ ಸಂಸಾರ ನಾ ಇಣಿಕಿ ನೋಡಾಕ ಹೋಗಿಲ್ಲ."

ಒಂದು ಗೊಂದಲ ಬಿಡಿಸಿಕೊಳ್ಳಲು ಹೋದವಳು ಮೂರು ಗೊಂದಲ ಕಟ್ಟಿಕೊಂಡು ಬಸ್ಸು ಹತ್ತಿದಳು. ವಂಶವೋ, ಊಟವೋ, ಉಚ್ಚೆಯೋ? ದಾರಿಯುದ್ದಕ್ಕೂ ಅವಳಿಗೆ ಅಳು ಬರುತ್ತಿತ್ತು. ಬಸ್ಸು ಇಳಿಯುವ ಮೊದಲು ಆ ಆರು ಪುಟಗಳನ್ನು ಹರಿದು, ಅರ್ಧ ಪುಟ ಹೊಸದಾಗಿ ಬರೆದಳು. ಹನ್ನೆರಡನೆಯ ಶುಭ ಹಾರೈಕೆ ಬರುವುದು ಖಂಡಿತ ಎಂದುಕೊಂಡಳು.

ಎಂಟನೆಯ ದಿನ ಮೇಡಂ ಮೂವರನ್ನೂ ಎದುರಿಗೆ ಕೂರಿಸಿಕೊಂಡರು.

"ತೋಳ ಮೇಡಂ. ನೂರಕ್ಕೆ ನೂರು," ಎಂದ ಮೊದಲನೆಯವನು.

"ಮಿಶ್ರತಳಿ ಮೇಡಂ. ನೂರಕ್ಕೆ ಇನ್ನೂರು," ಎಂದ ಎರಡನೆಯವನು.

"ನೀವು?"

ಸುಚೇತಾ ತನ್ನ ಅರ್ಧ ಪುಟವನ್ನು ಮೇಜಿನ ಮೇಲಿಟ್ಟಳು. "ತೋಳ ಹಾಕಿದ್ದು ನಿಜ ಮೇಡಂ. ಆದರೆ ನಾಯಿ ಅದರಲ್ಲಿ ಎಲ್ಲಿಂದ ಬಂತು ಅಂತ ನನಗೆ ಗೊತ್ತಿಲ್ಲ."

ಎರಡನೆಯವನು ಕಿಸಕ್ಕನೆ ನಕ್ಕ. ಸುಚೇತಾ ಯಮನೂರಪ್ಪ ಹೇಳಿದ್ದನ್ನೆಲ್ಲ ಹೇಳಿದಳು. ಕೊನೆಗೆ ಅಂಜುತ್ತಲೇ ಕೇಳಿದಳು.

"ಅಜ್ಜ ಎತ್ತಿದ್ದರಲ್ಲಿ ಇನ್ನೂ ಸ್ವಲ್ಪ ಉಳಿದಿದೆಯಾ ಮೇಡಂ? ಇದ್ದರೆ ಹೊರಮೈ ಬೇರೆ, ಒಳಗಿನದು ಬೇರೆ ಮಾಡಿ ನೋಡಬಹುದು. ನಾಯಿ ಹೊರಗಷ್ಟೇ ಸಿಕ್ಕರೆ ಅದು ಉಚ್ಚೆ ಇರಬೇಕು. ಒಳಗೇ ಜಾಸ್ತಿ ಸಿಕ್ಕರೆ, ಜೊತೆಗೆ ಮರಿಯ ಕೂದಲು ಮೂಳೆ ಸಿಕ್ಕರೆ ಊಟ. ಎಲ್ಲ ಕಡೆ ಒಂದೇ ಸಮ ಸಿಕ್ಕರೆ..."

"ಸಿಕ್ಕರೆ?"

"ಆಗ ಇವರು ಹೇಳಿದ ಮಿಶ್ರತಳಿಯೂ ಇರಬಹುದು. ಅದಕ್ಕೆ ಇನ್ನೂ ಪರೀಕ್ಷೆ ಬೇಕು."

ಎರಡನೆಯವನ ನಗು ಅಲ್ಲಿಗೆ ನಿಂತಿತು. ಮೇಡಂ ಎದ್ದು ಬೀರು ತೆಗೆದರು. ದಾರ ಸುತ್ತಿದ ಒಂದು ಕಾಗದದ ಪೊಟ್ಟಣ ತಂದು ಮೇಜಿನ ಮೇಲಿಟ್ಟರು.

"ಉಳಿದದ್ದು ಇಲ್ಲಿದೆ. ಕೇಳುವವರಿಗಾಗಿಯೇ ಇಟ್ಟಿದ್ದೆ."

"ಹಾಗಾದರೆ ಸರಿಯುತ್ತರ ಯಾವುದು ಮೇಡಂ?" ಎಂದ ಮೊದಲನೆಯವನು.

"ನನಗೂ ಗೊತ್ತಿಲ್ಲಪ್ಪ. ಒಂದು ವರ್ಷದಿಂದ ತಲೆ ಕೆಡಿಸಿಕೊಂಡು ಕೂತಿದ್ದೇನೆ. ಗೊತ್ತಿದ್ದರೆ ಇನ್ನೊಬ್ಬರನ್ನು ಯಾಕೆ ಕರೆಯುತ್ತಿದ್ದೆ?" ಎಂದು ಮೇಡಂ ಪೊಟ್ಟಣವನ್ನು ಸುಚೇತಾಳ ಕಡೆಗೆ ತಳ್ಳಿದರು. "ನಾಯಿ ಕಾಲೆತ್ತಿದ ವಿಷಯ ನನಗೆ ತಿಳಿದದ್ದೇ ಇವತ್ತು. ಚೀಟಿಯಲ್ಲಿ ಹೆಸರಿತ್ತು, ನಾನೂ ಹೋಗಿ ಕೇಳಲಿಲ್ಲ ನೋಡಿ. ಸೋಮವಾರದಿಂದ ಬನ್ನಿ."

ಸುಚೇತಾ ಪೊಟ್ಟಣ ನೋಡಿದಳು, ಮೇಡಂ ಮುಖ ನೋಡಿದಳು.

"ಅಂದರೆ... ಜಾಗ ನನಗೇ ಸಿಕ್ಕಿತಾ ಮೇಡಂ?"

"ಅಯ್ಯೋ, ಇದೊಂದರಲ್ಲಿ ಗೊಂದಲ ಬೇಡಮ್ಮ," ಎಂದರು ಸರ್ವಮಂಗಳಾ ಮೇಡಂ.

ನೀತಿ: ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ನಾಚಬೇಡಿ, ಆದರೆ ಅಷ್ಟು ಹೇಳಿ ಕೈಕಟ್ಟಿ ಕೂರಲೂ ಬೇಡಿ. ತಿಳಿಯುವ ದಾರಿ ಹುಡುಕಿ. ಆ ದಾರಿ ಬಹಳ ಸಲ, ನೆಲದಿಂದ ಮೊದಲು ಎತ್ತಿದವರ ಹತ್ತಿರ ಹೋಗಿ ಒಂದು ಮಾತು ಕೇಳುವುದರಿಂದ ಶುರುವಾಗುತ್ತದೆ.