ಹೊಗೆಯಿಲ್ಲದ ಸೂರು

"ಗುರುಗಳೇ, ನಾನು ಯಾರಿಗೂ ಕೇಡು ಬಗೆದವನಲ್ಲ. ನಾನಾಯಿತು, ನನ್ನ ಜಪವಾಯಿತು. ಇಷ್ಟು ಸಾಲದೇ?" ಎಂದು ಮಠದ ಶಿಷ್ಯ ಗುರುಪಾದ ಕೇಳಿದ. ಆ ಮಠದಲ್ಲಿ ಶಿಷ್ಯರಿಗೆ ಒಂದೊಂದು ಗುಡಿಸಲು. ಅವರವರ ಗಂಜಿ ಅವರವರ ಒಲೆಯ ಮೇಲೆ.

ಗುರುಗಳು ನಕ್ಕರು. "ಭಲೇ! ನಿನ್ನಂಥವನೇ ಒಬ್ಬ ರೈತನಿದ್ದ, ಕೇಳು" ಎಂದು ಹೇಳತೊಡಗಿದರು.

ರೈತನ ಊರು ಕಾಡಿನ ಅಂಚಿನಲ್ಲಿತ್ತು. ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬಿದ್ದರೆ ಊರೂ ಉಳಿಯದು. ಅದಕ್ಕೇ ಗುಡ್ಡದ ನೆತ್ತಿಯಲ್ಲಿ ಮರದ ಗೋಪುರ ಕಟ್ಟಿ ಒಬ್ಬ ಕಾವಲುಗಾರನನ್ನು ಇಟ್ಟಿದ್ದರು. ಮಳೆ ಬೀಳುವ ತನಕ ಅವನು ಇಳಿಯುವಂತಿಲ್ಲ. ಹೊಗೆ ಕಂಡರೆ ಅವನು ತಮಟೆ ಬಡಿಯಬೇಕು, ಊರವರು ಹಸಿ ಸೊಪ್ಪಿನ ಕೊಂಬೆ ಹಿಡಿದು ಓಡಬೇಕು. ವಾರಕ್ಕೊಮ್ಮೆ ಸರದಿಯಂತೆ ಒಂದು ಮನೆಯವರು ಅವನಿಗೆ ಏಳು ದಿನಕ್ಕಾಗುವಷ್ಟು ಒಣರೊಟ್ಟಿಯ ಬುತ್ತಿ ಒಯ್ಯಬೇಕು.

ಆ ವಾರ ರೈತನ ಸರದಿ. ಸಂಜೆಗೆ ಗೋಪುರ ಹತ್ತಿದ. ಅಬ್ಬಾ! ಹುಟ್ಟಿ ಬೆಳೆದ ಊರು ಅಂಗೈಯಗಲ ಕಂಡಿತು. ಸೂರುಗಳಿಂದ ಅಡುಗೆಯ ಹೊಗೆ ಎದ್ದು, ಒಂದಕ್ಕೊಂದು ಬೆರೆತು, ತೆಳ್ಳಗೆ ತೇಲುತ್ತಿತ್ತು. ಯಾವ ಮನೆ ಯಾರದೆಂಬುದೇ ಮರೆತುಹೋಯಿತು. ತಾನೂ ಅದರೊಡನೆ ತೇಲಿದ ಹಾಗಾಯಿತು. ಎಷ್ಟು ಹೊತ್ತು ನಿಂತನೋ ಅವನಿಗೇ ತಿಳಿಯದು.

"ಕಾಡಿನಲ್ಲಿ ಒಂದೆಳೆ ಹೊಗೆಯಿಲ್ಲ. ಇನ್ನೇನಪ್ಪ ನಿನಗೆ, ಉಂಡು ಮಲಗು" ಎಂದು ರೈತ ಕಾವಲುಗಾರನಿಗೆ ಬುತ್ತಿ ಕೊಟ್ಟ.

"ಏಳಬಾರದ ಕಡೆ ಏಳುವ ಹೊಗೆಯನ್ನಷ್ಟೇ ನೋಡಿದರೆ ಆಯಿತೇ ಅಣ್ಣ? ಏಳಬೇಕಾದ ಕಡೆ ಏಳದಿದ್ದರೆ?" ಎಂದು ಕಾವಲುಗಾರ ಬೆರಳು ಚಾಚಿದ. "ಆ ಹುಣಿಸೆಮರದ ಪಕ್ಕದ ಸೂರು ನೋಡು. ಮೊನ್ನೆಯಿಂದ ಅಲ್ಲಿ ಒಲೆ ಉರಿದಿಲ್ಲ. ನಿನ್ನೆ ತಮಟೆ ಬಡಿದೆ. ಗುಡ್ಡದ ಬುಡಕ್ಕೆ ಎಲ್ಲರೂ ಓಡಿ ಬಂದಿರಿ, ಕಾಡು ನೋಡಿದಿರಿ, ಬೆಂಕಿಯೆಲ್ಲೋ ಮೂರ್ಖಾ ಎಂದು ಬೈದು ಹೋದಿರಿ. ನಾನು ಕೂಗಿದ್ದು ಒಬ್ಬರಿಗೂ ಕೇಳಲಿಲ್ಲ. ಅದು ಯಾರ ಮನೆ?"

ರೈತ ಹುಣಿಸೆಮರ ಹುಡುಕಿದ. ಅದು ತೀರಿಹೋದ ಅಣ್ಣನ ಮನೆ. ಅತ್ತಿಗೆ ಒಬ್ಬಳೇ ಇದ್ದಳು. ಇವನ ಮನೆಗೂ ಅದಕ್ಕೂ ನಡುವೆ ಒಂದೇ ಗೋಡೆ. ಪಾಲಾದ ಮೇಲೆ ಜಗಳವಿರಲಿಲ್ಲ, ಮಾತೂ ಇರಲಿಲ್ಲ. ನಿನ್ನೆ ತಮಟೆ ಕೇಳಿ ಕೊಂಬೆ ಹಿಡಿದು ಓಡಿದ್ದು ಅವಳ ಬಾಗಿಲ ಮುಂದೆಯೇ.

ಎದ್ದೆನೋ ಬಿದ್ದೆನೋ ಎಂದು ಗುಡ್ಡ ಇಳಿದ. ಬಾಗಿಲು ತಳ್ಳಿದ. ಅತ್ತಿಗೆ ಜ್ವರದಲ್ಲಿ ಎಚ್ಚರ ತಪ್ಪಿ ಬಿದ್ದಿದ್ದಳು. ಬಾಯಿಗೆ ನೀರು ಬಿಟ್ಟಾಗ ಮೆಲ್ಲಗೆ ಕಣ್ಣು ತೆರೆದಳು. ಅವನು ಅಳುತ್ತಲೇ ಒಲೆ ಹೊತ್ತಿಸಿ ಗಂಜಿಗಿಟ್ಟ. ಗೋಪುರದ ಮೇಲೆ ಕಾವಲುಗಾರ ಆ ಹೊಗೆಯನ್ನು ನೋಡಿದ. ಆಮೇಲೆ ಬುತ್ತಿ ಬಿಚ್ಚಿ ರೊಟ್ಟಿ ಮುರಿದ.

ಗುರುಪಾದ ಕಣ್ಣೊರೆಸಿಕೊಂಡ. "ಛೇ, ಪಕ್ಕದಲ್ಲೇ ಇದ್ದೂ ಆ ರೈತನಿಗೆ ತಿಳಿಯಲಿಲ್ಲವಲ್ಲ!"

"ಅದಿರಲಿ ಗುರುಪಾದ, ನಿನ್ನ ಪಕ್ಕದ ಗುಡಿಸಲಿನಲ್ಲಿ ಇವತ್ತು ಒಲೆ ಹೊತ್ತಿದೆಯೇ?" ಎಂದರು ಗುರುಗಳು.