ಕರೀ ಕಿಟಕಿಯೊಳಗ ಕಳಸಪ್ಪ ಗೆರಿ ಎಳೆದದ್ದು

ಕಲ್ಲು ಕಡಿಯೋ ಊರೊಂದರಾಗ ನಿಂಬವ್ವ ಅಂತ ಒಬ್ಬ ತಾಯಿ. ಆಕಿಗೊಬ್ಬ ಮಗ, ಕಳಸಪ್ಪ. ಮೀಸಿ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನ ಹೇಳಿದಂಗ ಮಾಡ್ತಿದ್ದ, ಅದೇ ಆಕಿ ಸಂಕಟ.

ಕೈಕಾಲಿಗೆ ಬಿದ್ದು ಅವನ್ನ ರಾಚಣ್ಣ ಸಾವಕಾರನ ಅಂಗಡಿ ಕೆಲಸಕ್ಕ ಹಚ್ಚಿದಳು. ಗೋರಿಕಲ್ಲಿನ ಅಂಗಡಿ. ಕಂಪ್ಯೂಟರಿನಾಗ ಆಜ್ಞೆ ಟೈಪ್ ಮಾಡಿದರ ಅದರೊಳಗಿನ ಕರೀ ಕಿಟಕಿಯಾಗ ಚಿತ್ರ ಮೂಡ್ತಿತ್ತು. ಮೂಡಿದ್ದನ್ನ ಮಿಷನ್ನು ಕಲ್ಲಿನ ಮ್ಯಾಲೆ ಕೊರೀತಿತ್ತು.

ಸಾವಕಾರ ಎಲ್ಲಾ ಕಲಿಸಿಕೊಟ್ಟು, "ಕಿಟಕಿಯಾಗ ಒಂದು ಸುತ್ತು ಹಾಕು ನೋಡೂಣು" ಅಂದ.

ಕಳಸಪ್ಪ ಗ್ವಾಡಿ ಕಿಟಕಿಯಿಂದ ಹೊರಗ ಜಿಗಿದ. ಅಂಗಡಿ ಸುತ್ತು ಹಾಕಿ ಬಾಗಿಲಿನಿಂದ ಬಂದ.

ಮನ್ಯಾಗ ತಾಯಿ ಬೈದಳು. "ಕಿಟಕಿ ಅಂದರ ಕಂಪ್ಯೂಟರಿನದೋ ಮೂಳ. ಗಿರಾಕಿ ಆಡಿದ್ದನ್ನ ಒಂದಕ್ಷರ ಬಿಡದಂಗ ಅದರಾಗ ಹಾಕು."

"ಹೂಂ ಅವ್ವ."

ಗಂಡನ್ನ ಕಳಕೊಂಡಾಕಿ ಒಬ್ಬಾಕಿ ಬಂದಳು. "ಬಾಳಪ್ಪ ಅಂತ ಹೆಸರು ಹಾಕಪ್ಪ" ಅಂದಳು. "ಕುಡಿಯಾಕ ಒಂದೀಟು ನೀರು ಕೊಡು."

ಹಾಕಿದ. ಕಲ್ಲು ಹೋಯ್ತು. ಗೋರಿ ಮುಂದ ಬಿಚ್ಚಿ ನೋಡಿದರ: ಬಾಳಪ್ಪ. ಕುಡಿಯಾಕ ಒಂದೀಟು ನೀರು ಕೊಡು.

ಹೆಂಡತಿ ಕೊಡ ತಂದು ಸುರುವಿದಳು. ಮಣ್ಣು ಗಟಗಟ ಸಪ್ಪಳ ಮಾಡಿ ಕುಡೀತಂತ.

"ಬಾಯಿಮಾತು ಬರೀಬಾರದೋ," ಅಂದಳು ನಿಂಬವ್ವ. "ಕಣ್ಣಿಗೆ ಕಂಡದ್ದನ್ನ ಅಷ್ಟೇ ಬರಿ."

"ಹೂಂ ಅವ್ವ."

ಮರುದಿನ ಸಾವಕಾರ ಸತ್ತ ಮಾಸ್ತರೊಬ್ಬರ ಫೋಟೋ ಕೊಟ್ಟು ಹೊರಗ ಹೋದ. ಕಳಸಪ್ಪ ಫೋಟೋ ಮಗ್ಗಲಿಗಿಟ್ಟು ಕರೀ ಕಿಟಕಿ ನೋಡಿದ. ಗಾಜಿನಾಗ ತನ್ನ ಮಾರಿ ಕಂಡಿತು. ಕಂಡದ್ದನ್ನ ಬರೆದ. ಒಂದೊಂದು ಆಜ್ಞೆಗೆ ಒಂದೊಂದು ಗೆರಿ.

ಸಾವಕಾರ ಬಂದು ಕಲ್ಲು ನೋಡಿದ. ಕಳಸಪ್ಪನ ಮಾರಿ. ಅದರ ಹಿಂದ ತಲಿಮ್ಯಾಲೆ ಕಂಬಳಿ ಹೊದ್ದ ಮುದುಕ, ಕಳಸಪ್ಪನ ಹೆಗಲ ಮ್ಯಾಲೆ ಕೈ ಇಟ್ಟಾನ.

"ಇವ ಯಾರೋ?"

"ಗೊತ್ತಿಲ್ಲರೀ. ದಿನಾ ನನ್ನ ಹಿಂದ ನಿಂತಿರ್ತಾರ."

ಸಾವಕಾರ ಚಪ್ಪಲಿ ಮೆಟ್ಟದನ ಮನಿಗೆ ನಡೆದ.

ತಾಯಿಗೆ ಕಳಸಪ್ಪ ಇಷ್ಟೇ ಹೇಳಿದ: ಮುದುಕರೊಬ್ಬರು ದಿನಾ ಅಂಗಡಿಗೆ ಬಂದು ನಿಂತಿರ್ತಾರ, ನಾನು ಮಾತಾಡಿಸಿಲ್ಲ.

ಆಕಿ ಹಣಿ ಬಡಕೊಂಡಳು. "ಹಿರೇರನ್ನ ಹಂಗ ನಿಲ್ಲಿಸಿಕೋತಾರೇನು? ಯಾರ ಹೆಸರಿಗೆ ಕಲ್ಲು ಬೇಕು ಅಂತ ಕೇಳು. ಮಾಡಿಕೊಟ್ಟು ಕಳಿಸು. ನಾಳಿ ಅನ್ನಬ್ಯಾಡ."

"ಹೂಂ ಅವ್ವ."

ಮರುದಿನ ಸಂಜಿಗೆ ಕಳಸಪ್ಪ ಕೈಗಾಡಿ ತಳ್ಳಿಕೊಂಡು ಬಂದ. ಗಾಡ್ಯಾಗ ಹೊಸಾ ಕಲ್ಲು. ನಿಂಬವ್ವ ಒಲಿ ಮುಂದಿಂದ ಎದ್ದು ಬಂದು ಸೆರಗಿನಿಂದ ಧೂಳು ಒರೆಸಿದಳು. ಆಕಿಗೆ ಓದಾಕ ಬರ್ತಿದ್ದದ್ದು ತನ್ನ ಹೆಸರೊಂದೇ. ಅದನ್ನ ಓದಿದಳು.

ಬೈಯಲಿಲ್ಲ. ಹೊಸ್ತಿಲ ಮ್ಯಾಲೆ ಕುಂತಳು.

"ಕೆಳಗ ಇರೋದು ಏನಪ್ಪಾ?"

"ತಾರೀಖವ್ವ. ಯಾವುದರ ಹಾಕು, ನಿನಗ ಬಿಟ್ಟದ್ದು ಅಂದ್ರು ಆ ಮುದುಕರು. ನಾಳಿಂದು ಹಾಕಿದರ ಕೆಲಸ ಮುಂದ ಹಾಕಿದಿ ಅಂತ ನೀ ಬೈತಿ. ಅದಕ್ಕ ಇವತ್ತಿಂದೇ ಹಾಕೀನಿ."