ಬೋರ ಅವ್ವನಿಗೆ ಸೀಟು ಹಿಡಿದದ್ದು

ಹೂಂಗುಟ್ಟೋಕೆ ಒಬ್ಬರಾದ್ರೂ ಇದ್ದರೆ ಕತೆ ಹೇಳ್ತೀನಿ, ಇಲ್ಲಾಂದ್ರೆ ಎಲೆ ಅಡಿಕೆ ಹಾಕ್ಕೊಂಡು ಸುಮ್ಮನೆ ಕೂರ್ತೀನಿ. ಹೂಂ ಅಂದಿರಾ? ಸರಿ, ಕೇಳಿ.

ತಿಮ್ಮನದೊಡ್ಡಿಯಲ್ಲಿ ದೇವೀರಮ್ಮ ಅಂತ ಒಬ್ಬಳು. ಅವಳಿಗೆ ಬೋರ ಅಂತ ಒಬ್ಬನೇ ಮಗ. ವಯಸ್ಸು ಇಪ್ಪತ್ತೆಂಟು. ಮೈಯಲ್ಲಿ ಜೋಡಿ ಎತ್ತಿನ ಬಲ. ದೇವರು ಬುದ್ಧಿ ಹಂಚುವಾಗ ಮಾತ್ರ ಇವನು ಊಟದ ಸಾಲಿನಲ್ಲಿದ್ದ. ಸುಳ್ಳು ಗೊತ್ತಿಲ್ಲ, ಕಳ್ಳತನ ಗೊತ್ತಿಲ್ಲ, ಅವ್ವ ಹೇಳಿದ್ದನ್ನ ಹೇಳಿದ ಹಾಗೇ ಮಾಡೋದೊಂದು ಗೊತ್ತು. ಅದೂ ಅವನ ತಲೆಯಲ್ಲಿ ಒಂದೇ ಮಾತಿಗೆ ಜಾಗ. ಹೊಸ ಮಾತು ಒಳಗೆ ಬಂದರೆ ಹಳೇ ಮಾತು ಎದ್ದು ಹೋಗಬೇಕು. "ಬೋರಾ, ಬಾಗ್ಲು ನೋಡ್ಕಳಪ್ಪಾ" ಅಂದ್ರೆ ಸಂಜೆವರೆಗೂ ಬಾಗಿಲನ್ನೇ ನೋಡ್ತಾ ಕೂರ್ತಿದ್ದ. ಹಿತ್ತಲಿನಿಂದ ನಾಯಿ ಬಂದು ಕೋಳಿ ಹೊತ್ಕೊಂಡು ಹೋದ್ರೂ ತಿರುಗಿ ನೋಡ್ತಿರಲಿಲ್ಲ.

"ಇವನ್ನ ಹೆತ್ತ ಹೊಟ್ಟೆಗೆ ಏನ್ ಹೇಳ್ಲಿ ಶಿವನೇ!" ಅಂತ ದೇವೀರಮ್ಮ ದಿನಕ್ಕೆ ಮೂರು ಸಲ ಹಣೆ ಚಚ್ಚಿಕೊಳ್ತಿದ್ದಳು.

ಆದರೆ ಇವಳೇನು ಕಮ್ಮಿಯಾ? ಇವಳಿಗೂ ಒಂದು ಹಠ ಇತ್ತು. ಮೂವತ್ತು ವರ್ಷದ ಹಿಂದೆ ತವರೂರು ಆಲದಕಟ್ಟೆಯಲ್ಲಿ ಇವಳಣ್ಣ ಮರಿಗೌಡ ಮಗನ ನಾಮಕರಣ ಮಾಡಿದ. ಊರಿಗೆಲ್ಲ ಹೇಳಿದ, ತಂಗಿಗೆ ಹೇಳೋದು ಮರೆತ. ತಂಗಿ ಆಣೆ ಇಟ್ಟಳು: "ಅವನೇ ಬಾಯಿಬಿಟ್ಟು ಬಾ ಅನ್ನೋಗಂಟ ಆಲದಕಟ್ಟೆ ಮಣ್ಣು ತುಳಿಯಲ್ಲ!" ಅಣ್ಣನೂ ಅದೇ ಹೊಟ್ಟೇಲಿ ಹುಟ್ಟಿದವನು ತಾನೇ? "ಅವಳೇ ಬರ್ಲಿ" ಅಂತ ಕೂತ. ಮೂವತ್ತು ವರ್ಷ ಹೋಯ್ತು. ಸಿಟ್ಟು ಯಾವತ್ತೋ ಕರಗಿತ್ತು, ಆಣೆ ಮಾತ್ರ ಉಳಿದಿತ್ತು. ತವರಿನ ಕೆರೆ, ತವರಿನ ಹೆಂಚಿನ ಮನೆ, ಒಂದೇ ಒಂದು ಸಲ ಕಣ್ಣಿಗೆ ಬಿದ್ದರೆ ಸಾಕು ಅಂತ ಪಾಪ, ಒಳಗೊಳಗೇ ಬೇಯ್ತಿದ್ದಳು.

ಅಷ್ಟರಲ್ಲಿ ಹೈವೇ ಪಕ್ಕ ಒಂದು ಆಟದ ಪಾರ್ಕು ಬಂತು. ಅದರಲ್ಲಿ ಒಂದು ಜೈಂಟ್ ವೀಲು. ಏನು ಎತ್ತರ ಅಂತೀರಿ! ಅದರ ತೊಟ್ಟಿಲಲ್ಲಿ ಕೂತು ಬಂದ ಹಾಲಿನ ವ್ಯಾನಿನವನು, "ತುದಿಗೋದ್ರೆ ಆಲದಕಟ್ಟೆ ಕೆರೆ ತಟ್ಟೆ ಮಡಗ್ದಂಗೆ ಕಾಣ್ತದೆ ಕಣವ್ವಾ" ಅಂದ.

ದೇವೀರಮ್ಮನ ಕಿವಿ ನೆಟ್ಟಗಾಯ್ತು. "ತುಳಿಯಲ್ಲ ಅಂತ ಆಣೆ ಇಟ್ಟಿವ್ನಿ. ನೋಡಲ್ಲ ಅಂತ ಇಟ್ಟಿಲ್ವಲ್ಲ!"

ಆದರೆ ಎರಡು ತೊಡಕು. ಮೊದಲನೇದು, ಆ ವೀಲಿಗೆ ಮೂರು ಗಂಟೆ ಸಾಲು ನಿಲ್ಲಬೇಕು. ಇವಳ ಮಂಡಿ ಮೂರು ನಿಮಿಷ ನಿಲ್ಲಲ್ಲ. ಎರಡನೇದು, ಅರವತ್ತೈದು ತುಂಬಿದವರನ್ನ ಹತ್ತಿಸಲ್ಲ ಅಂತ ಬೋರ್ಡು ಹಾಕಿದ್ದಾರೆ. ದೇವೀರಮ್ಮ ಹುಟ್ಟಿದ್ದು ಯಾವತ್ತೋ ಆ ಸೂಲಗಿತ್ತಿಗೇ ಗೊತ್ತು, ಆಧಾರ್ ಕಾರ್ಡಿನವರು ಮಾತ್ರ ಎಲ್ಲರಿಗೂ ಬರೆದ ಹಾಗೆ ಜನವರಿ ಒಂದು ಅಂತ ಬರೆದುಬಿಟ್ಟಿದ್ದರು. ಬರೋ ಜನವರಿಗೆ ಅರವತ್ತೈದು, ಆಗಲೇ ಡಿಸೆಂಬರು ಶುರುವಾಗಿತ್ತು. ತಿಂಗಳೊಳಗೆ ಹತ್ತಿದರೆ ಹತ್ತಿದಳು, ಇಲ್ಲಾಂದ್ರೆ ತವರು ಕಂಡ ಹಾಗೇ!

"ಸಾಲು ನಿಲ್ಲೋದೇ ಬೇಡ ಕಣವ್ವಾ. ಮುಂಚೆಯೇ ಸೀಟು ಹಿಡ್ದು ಮಡಗ್ಬೌದು" ಅಂದ ವ್ಯಾನಿನವನು.

ದೇವೀರಮ್ಮ ಮೊಟ್ಟೆ ಮಾರಿದ ದುಡ್ಡು ಸೆರಗಿನಿಂದ ಬಿಚ್ಚಿ ಮಗನ ಕೈಗೆ ಇಟ್ಟಳು. "ಬೋರಾ, ನನ್ನಪ್ಪಾ, ಪಾರ್ಕಿಗೆ ಹೋಗಿ ನಂಗೊಂದು ಸೀಟು ಹಿಡಿ. ಬಸ್ಸಲ್ಲಿ ಹಿಡಿಯಕಿಲ್ವಾ, ಹಂಗೆ!"

"ಆಯ್ತವ್ವಾ!"

ಬಸ್ಸಲ್ಲಿ ಹೇಗೆ ಹಿಡೀತೀವಿ? ಕಿಟಕಿಯಿಂದ ಟವಲ್ ಎಸೀತೀವಿ. ಬೋರ ಹೋದ, ಬೇಲಿ ಪಕ್ಕ ನಿಂತ, ತೊಟ್ಟಿಲು ಕೆಳಗೆ ಬಂತು, ಹೆಗಲ ಮೇಲಿನ ಟವಲ್ ತೆಗೆದು ಎಸೆದೇಬಿಟ್ಟ! ತೊಟ್ಟಿಲು ಮೇಲೆ ಹೋಯ್ತು, ಟವಲ್ಲೂ ಮೇಲೆ ಹೋಯ್ತು. ಬೋರ ಕೈ ಝಾಡಿಸಿಕೊಂಡು ಮನೆಗೆ ಬಂದ.

"ಹಿಡಿದ್ಯಾ ಮಗಾ?"

"ಹಿಡಿದೆ ಕಣವ್ವಾ! ಟವಲ್ ಹಾಕಿವ್ನಿ. ಯಾರೋ ಒಬ್ರು ಕೂರಾಕೆ ಬಂದ್ರು, 'ಅದು ನಮ್ಮವ್ವಂದು!' ಅಂತ ಕೂಗ್ದೆ. ಟವಲ್ ಸುತ್ತುತಾ ಐತೆ."

"ಅಯ್ಯೋ ನಿನ್ ಬಾಯಿಗೆ ಮಣ್ಣು ಹಾಕ! ಟವಲ್ ಹಾಕೋದಲ್ಲ ಕಣ್ಲಾ! ಕೌಂಟ್ರಲ್ಲಿ ದುಡ್ಡು ಕೊಟ್ರೆ ಮಣಿಕಟ್ಟಿಗೆ ಕೆಂಪು ಪಟ್ಟಿ ಕಟ್ತಾರಂತೆ. ಪಟ್ಟಿ ಕಟ್ಟಿಸ್ಕಂಡೋರು ಸಾಲು ನಿಲ್ಲಂಗಿಲ್ಲ, ಯಾರ್ನೂ ಕೇಳಂಗಿಲ್ಲ. ಪಟ್ಟಿ ತೋರ್ಸೋದು, ಸೀದಾ ಮುಂದಕ್ಕೆ ಹೋಗೋದು! ತಿಳೀತಾ?"

"ತಿಳೀತು ಕಣವ್ವಾ!"

ಮುಂದಿನ ವಾರ ಬೋರ ಕೌಂಟರಿಗೆ ಹೋದ. ದುಡ್ಡು ಕೊಟ್ಟ. ಕೈ ಚಾಚಿದ. ಅವರು ಕಟ್ಟಿದರು. ಯಾರ ಕೈಗೆ? ಚಾಚಿದವನ ಕೈಗೆ! ಬೋರ ಪಟ್ಟಿ ನೋಡಿಕೊಂಡ. "ಇನ್ನು ನಾನು ಸಾಲು ನಿಲ್ಲಂಗಿಲ್ಲ, ಯಾರ್ನೂ ಕೇಳಂಗಿಲ್ಲ" ಅಂತ ಹೊರಟ.

ಬಸ್ಸು ಹತ್ತಿದ. ಪಟ್ಟಿ ತೋರಿಸಿದ. ಸೀದಾ ಮುಂದಕ್ಕೆ ಹೋದ. ಹೆಂಗಸರ ಸೀಟು ದಾಟಿದ, ಗೇರು ದಾಟಿದ, ಡ್ರೈವರ್ ತೊಡೆ ಮೇಲೆ ಕೂತ!

"ಏಯ್! ಏಳ್ಲಾ ಮೇಲೆ!"

"ನಂಗೆ ಪಟ್ಟಿ ಐತೆ!"

ಕಂಡಕ್ಟರು ಕುತ್ತಿಗೆ ಹಿಡಿದು ಇಳಿಸಿದ. ಬೋರ ನಡ್ಕೊಂಡು ಬಂದ. ದಾರೀಲಿ ಒಂದು ಹೆಣ ಹೋಗ್ತಾ ಇತ್ತು. ಮುಂದೆ ತಮಟೆ, ಹಿಂದೆ ಬೆಂಕಿ ಮಡಕೆ ಹಿಡಿದ ಹಿರೀಮಗ, ಅವನ ಹಿಂದೆ ಚಟ್ಟ, ಚಟ್ಟದ ಹಿಂದೆ ಊರು. ಬೋರ ಕೈ ಎತ್ತಿ ಪಟ್ಟಿ ತೋರಿಸಿದ. ಊರು ದಾಟಿದ, ಚಟ್ಟ ದಾಟಿದ, ಬೆಂಕಿ ಮಡಕೆಯನ್ನೂ ದಾಟಿ ಎದೆ ಸೆಟೆಸಿಕೊಂಡು ಮುಂದೆ ನಡೆದ.

"ಯಾರ್ಲಾ ನೀನು? ಹಿಂದಕ್ಕೆ ಬಾ!"

"ಬರಂಗಿಲ್ಲ! ಪಟ್ಟಿ ಕಟ್ಟಿಸ್ಕಂಡಿವ್ನಿ! ನಾನೇ ಮೊದ್ಲು ಹೋಗೋದು!"

"ಮೊದ್ಲು ಹೋಯ್ತೀಯಾ? ಹೋಗು ಮಗನೇ, ಗುಂಡಿ ತೋಡಾಗೈತೆ!" ಅಂತ ನಾಲ್ಕು ಜನ ಹಿಡಿದು ಬೆನ್ನಿಗೆ ಸರಿಯಾಗಿ ಇಕ್ಕಿದರು.

ಬೋರ ಬೆನ್ನು ಉಜ್ಜಿಕೊಳ್ತಾ ಮನೆಗೆ ಬಂದು ನಡೆದದ್ದೆಲ್ಲ ಹೇಳಿದ. ಆ ಪಟ್ಟಿ ಆ ಒಂದು ದಿನಕ್ಕೆ ಮಾತ್ರ, ಅದೂ ದಂಡ.

"ಅಯ್ಯೋ ನನ್ ಕರ್ಮವೇ! ಹೆಣದ ಮುಂದೆ ಹೋಗ್ತಾರೇನ್ಲಾ! ದೊಡ್ಡೋರು ಚಿಕ್ಕೋರು ಅಂತ ನೋಡಿ, ಪಕ್ಕಕ್ಕೆ ಸರಿದು, ಕೈ ಮುಗಿದು, 'ನೀವು ಮೊದ್ಲು ಹೋಗಿ, ನಾನು ಆಮೇಲೆ' ಅನ್ಬೇಕು. ಯಾರೂ ಹೊಡೆಯಕಿಲ್ಲ. ತಿಳೀತಾ?"

"ತಿಳೀತು ಕಣವ್ವಾ!"

ಮೂರನೇ ವಾರ ಮತ್ತೆ ಕಳಿಸಿದಳು. ಬೆಳಿಗ್ಗೆ ಒಂಬತ್ತಕ್ಕೆಲ್ಲ ಬೋರ ಕೌಂಟರಿನ ಮುಂದೆ. ಅವನೇ ಮೊದಲು! ಅಷ್ಟರಲ್ಲಿ ಹಿಂದೆ ಒಬ್ಬರು ಬಂದರು. ಬೋರ ಸರಿದು ಕೈ ಮುಗಿದ. "ನೀವು ಮೊದ್ಲು ಹೋಗಿ, ನಾನು ಆಮೇಲೆ." ಆಮೇಲೆ ಗಂಡ ಹೆಂಡತಿ. "ನೀವು ಮೊದ್ಲು ಹೋಗಿ." ಆಮೇಲೆ ಎರಡು ಬಸ್ಸು ತುಂಬ ಸ್ಕೂಲ್ ಮಕ್ಕಳು. "ನೀವು ಮೊದ್ಲು ಹೋಗಿ, ನೀವು ಮೊದ್ಲು ಹೋಗಿ, ನೀವು ಮೊದ್ಲು ಹೋಗಿ!" ಬಂದವರೆಲ್ಲ "ಎಂಥಾ ಒಳ್ಳೇ ಮನುಷ್ಯ!" ಅಂತ ಹರಸಿ ಹೋದರು. ಸಂಜೆ ಐದಾಯ್ತು. ಸಾಲಲ್ಲಿ ಯಾರೂ ಇಲ್ಲ. ಬೋರ ದುಡ್ಡು ತೆಗೆದ. ಕೌಂಟರಿನವನು ಚೀಲ ಹೆಗಲಿಗೆ ಹಾಕ್ಕೊಂಡು ಎದ್ದ. ಬೋರ ಸರಿದು ಕೈ ಮುಗಿದ.

"ನೀವು ಮೊದ್ಲು ಹೋಗಿ ಸಾ, ನಾನು ಆಮೇಲೆ!"

ಅವನು ಬಾಗಿಲೆಳೆದು ಬೀಗ ಹಾಕಿ ಹೋದ.

ಈ ಸಲ ದೇವೀರಮ್ಮ ಬೈಯಲೂ ಇಲ್ಲ. ಒಲೆ ಮುಂದೆ ಕೂತು ಅತ್ತುಬಿಟ್ಟಳು. "ಇನ್ನು ನಂಗೆ ತವರು ಕಾಣಕಿಲ್ಲ ಬಿಡು" ಅಂದಳು. ಬೋರನಿಗೆ ಯಾಕೆ ಅಂತ ತಿಳೀಲಿಲ್ಲ, ಆದರೆ ಅವ್ವ ಅತ್ತದ್ದು ತಿಳೀತು. ಅವನೂ ಪಕ್ಕದಲ್ಲಿ ಕೂತು ಅತ್ತ.

ಕೊನೆಗೆ ಅವಳೇ ಮೂಗು ಒರೆಸಿಕೊಂಡಳು. "ಸಾಕು ಸುಮ್ಕಿರ್ಲಾ. ಮೂವತ್ತೊಂದನೇ ತಾರೀಕು ನಾನೇ ಬತ್ತೀನಿ. ನೀನು ಇಷ್ಟು ಮಾಡು. ಒಂದು ಸಲ ಜಾಗ ಹಿಡಿದ್ರೆ ಬಿಟ್ಟುಕೊಡಬ್ಯಾಡ. ಯಾರೇ ಏಳು ಅನ್ಲಿ, ಯಾರೇ ಎಳೀಲಿ, ಗಟ್ಟಿಯಾಗಿ ಹಿಡ್ಕಂಡು ಕೂತಿರು. ತಿಳೀತಾ?"

"ತಿಳೀತು ಕಣವ್ವಾ!"

ಮೂವತ್ತೊಂದು ಬಂತು. ಕೌಂಟರಿನವನು ಆಧಾರ್ ಕಾರ್ಡು ತಿರುಗಿಸಿ ಮುರುಗಿಸಿ ನೋಡಿದ. "ಅಜ್ಜೀ, ನಾಳೆಗೆ ನಿಮಗೆ ಅರವತ್ತೈದು!"

"ನಾಳೆ ತಾನೇ? ಇವತ್ತು ಹತ್ತಿಸು!"

ಎರಡು ಕೈಗೆ ಎರಡು ಪಟ್ಟಿ ಬಿತ್ತು. ಮೂರು ಗಂಟೆ ಅಂತ ಬರೆದುಕೊಟ್ಟರು. ಮೂರಕ್ಕೆ ಸರಿಯಾಗಿ ಪಕ್ಕದ ಗೇಟಿನಿಂದ ಅವ್ವ ಮಗ ಒಳಗೆ ಹೋದರು, ಸಾಲಲ್ಲಿದ್ದವರೆಲ್ಲ ಕಣ್ಣು ಕಣ್ಣು ಬಿಟ್ಟರು. ತೊಟ್ಟಿಲಲ್ಲಿ ಕೂತರು. ತೊಟ್ಟಿಲು ಮೇಲೆ ಎದ್ದಿತು.

ಏನಾಯ್ತು ಗೊತ್ತಾ? ದೇವೀರಮ್ಮ ಹೆದರಿ ಕಣ್ಣು ಮುಚ್ಚಿಕೊಂಡಳು! "ಶಿವಶಿವಾ! ಮಾದೇಸ್ವರಾ!" ಅಂತ ಕೂಗ್ತಾ ಕೂಗ್ತಾ ಮೇಲೆ ಹೋದಳು, ಕೂಗ್ತಾ ಕೂಗ್ತಾ ಕೆಳಗೆ ಬಂದಳು. ಕೆರೆ ಕಾಣಲಿಲ್ಲ, ಮನೆ ಕಾಣಲಿಲ್ಲ. ಸುತ್ತು ಮುಗೀತು. ಇಷ್ಟೆಲ್ಲ ಪಾಡು ಪಟ್ಟು ಕಂಡದ್ದು ತನ್ನ ರೆಪ್ಪೆಯ ಒಳಮೈ!

"ಇಳೀರಿ, ಇಳೀರಿ" ಅಂದ ವೀಲಿನವನು.

ಬೋರ ಸರಳು ಹಿಡಿದ. "ಇಳಿಯಂಗಿಲ್ಲ! ನಮ್ ಜಾಗ!"

"ರೀ, ಮೂರೂವರೆ ಪಟ್ಟಿಯವರು ಕಾಯ್ತಾ ಇದ್ದಾರೆ!"

"ಯಾರೇ ಬರ್ಲಿ! ಬಿಟ್ಟುಕೊಡಂಗಿಲ್ಲ!"

ಇಬ್ಬರು ಎಳೆದರು. ನಾಲ್ವರು ಎಳೆದರು. ಬೋರ ಅಲ್ಲಾಡಲಿಲ್ಲ. ಅವನನ್ನ ದಾಟದೆ ದೇವೀರಮ್ಮನೂ ಇಳಿಯೋ ಹಾಗಿಲ್ಲ. ಮೇಲೆ ತೊಟ್ಟಿಲುಗಳಲ್ಲಿ ಸಿಕ್ಕಿಕೊಂಡವರು ಬೊಬ್ಬೆ ಹಾಕಿದರು. ವೀಲಿನವನು ವಿಧಿಯಿಲ್ಲದೆ ಮತ್ತೆ ತಿರುಗಿಸಿದ.

ನಡುವಾಕಾಶದಲ್ಲಿ ದೇವೀರಮ್ಮನಿಗೆ ಎಲ್ಲಿಲ್ಲದ ಸಿಟ್ಟು ಬಂತು. ಇವನ ಕೆನ್ನೆಗೆ ಒಂದು ಬಿಡೋಣ ಅಂತ ಕೈ ಎತ್ತಿದಳು. ಹೊಡೆಯೋಕೆ ಗುರಿ ಬೇಕಲ್ಲ, ಕಣ್ಣು ಬಿಟ್ಟಳು. ಬಿಟ್ಟರೆ, ಮಗನ ಹೆಗಲಾಚೆ ಕೆರೆ! ಕೆರೆ ಪಕ್ಕ ಆಲದಮರ! ಮರದ ಹಿಂದೆ ಹೆಂಚಿನ ಮನೆ!

ಎತ್ತಿದ ಕೈ ಎತ್ತಿದ ಹಾಗೇ ಉಳೀತು. "ಅಗೋ, ನಮ್ಮನೆ ಕಣ್ಲಾ! ಹೆಂಚು ಬದಲಾಯಿಸ್ಯವ್ನೆ, ನಮ್ಮಣ್ಣ!" ಅಂತ ಅತ್ತಳು, ನಕ್ಕಳು, ಮಗನ ಕೆನ್ನೆ ಸವರಿದಳು. ಮೂರನೇ ಸುತ್ತಿಗೆ ಅವಳೂ ಸರಳು ಹಿಡ್ಕೊಂಡಳು, ಇಳಿಯೋ ಮಾತೇ ಎತ್ತಲಿಲ್ಲ. ನಾಲ್ಕನೇ ಸುತ್ತು ಮುಗಿಯೋ ಹೊತ್ತಿಗೆ ಮ್ಯಾನೇಜರು ಬಂದು ಕಾಲಿಗೆ ಬೀಳೋದೊಂದು ಬಾಕಿ.

"ಏಳ್ಲಾ ಬೋರಾ, ಹೋಗೋಣ."

"ಯಾರೇ ಏಳು ಅಂದ್ರೂ ಏಳಬ್ಯಾಡ ಅಂದಿದ್ದೆ. ನೀನು ಅಂದ್ರೂ ಏಳಾಕಿಲ್ಲ!"

"ಅಯ್ಯೋ! ಆ ಮಾತು ಬಿಡು, ಹೊಸ ಮಾತು ಕೇಳು. ಇಳೀರಿ ಅಂತ ಅಂದ ತಕ್ಷಣ ಇಳೀಬೇಕು. ಜೊತೇಲಿರೋರ್ನೂ ಕೈಹಿಡಿದು ಇಳಿಸ್ಬೇಕು. ತಿಳೀತಾ?"

"ತಿಳೀತು ಕಣವ್ವಾ!" ಅಂದ, ಇಳಿದ, ಇಳಿಸಿದ.

ಇಷ್ಟರಲ್ಲಿ ಊರ ಕಡೆ ಬಸ್ಸು ಹೋಗಿಬಿಟ್ಟಿತ್ತು. ಇದ್ದದ್ದು ಒಂದೇ, ಪಾರ್ಕು ಬಂದ ಮೇಲೆ ಹೊಸದಾಗಿ ಬಿಟ್ಟ ಬಸ್ಸು. ಅದು ಆಲದಕಟ್ಟೆ ಮೇಲೆ ಸುತ್ತಿಕೊಂಡು ಹೋಗೋದು. ದೇವೀರಮ್ಮ ಯೋಚಿಸಿದಳು. "ಬಸ್ಸಲ್ಲಿ ಕೂತಿದ್ರೆ ಮಣ್ಣು ತುಳಿದಂಗಲ್ಲ" ಅಂತ ಹತ್ತಿದಳು.

ಆಲದಕಟ್ಟೆ ಬಂತು. ಕಂಡಕ್ಟರು ಸೀಟಿ ಊದಿದ. "ಇಳೀರಿ, ಇಳೀರಿ, ಬೇಗ ಇಳೀರಿ!"

ಬೋರ ಇಳಿದ! ಸುಮ್ಮನೆ ಇಳಿದನಾ? ಅವ್ವನ ಕೈ ಹಿಡಿದು ಇಳಿಸಿದ! "ಬಿಡ್ಲಾ! ಇದು ನಮ್ಮೂರಲ್ಲ! ಅಯ್ಯೋ, ಇದು ನಮ್ಮೂರೇ! ಬಿಡ್ಲಾ!" ಅನ್ನೋದರೊಳಗೆ ಬಸ್ಸು ಹೋಯ್ತು.

ದೇವೀರಮ್ಮನ ಒಂದು ಕಾಲು ನೆಲಕ್ಕೆ ತಾಗಿತ್ತು. ಇನ್ನೊಂದನ್ನ ಎತ್ತಿಕೊಂಡಳು. ಅರ್ಧ ಆಣೆಯಾದ್ರೂ ಉಳೀಲಿ ಅಂತ ಮಗನ ಭುಜ ಹಿಡಿದು ಒಂಟಿ ಕಾಲಲ್ಲಿ ನಿಂತಳು. ಎದುರು ಟೀ ಅಂಗಡಿ ಬೆಂಚಿನಿಂದ ಒಬ್ಬ ಮುದುಕ ಎದ್ದು ಬಂದ. ಮರಿಗೌಡ. ತಲೆ ಹತ್ತಿಯಾಗಿತ್ತು. ಅವಳನ್ನ ನೋಡಿದ, ಎತ್ತಿದ ಕಾಲು ನೋಡಿದ.

"ಇನ್ನೊಂದು ಕಾಲ್ನೂ ಊರ್ಕಳವ್ವಾ. ಮೊದ್ಲೇ ಮಂಡಿ ನೋವು ನಿಂಗೆ."

"ನನ್ ಮಂಡಿ ಇಚಾರ ನಿಂಗ್ಯಾರು ಹೇಳುದ್ರು?"

"ಮೂವತ್ತು ವರ್ಷದಿಂದ ಆ ಕಡೆಯಿಂದ ಬಂದೋರ್ನೆಲ್ಲ ಕೇಳ್ತಾನೇ ಇವ್ನಿ. ಬಾ ತಾಯಿ, ಮನೆಗೆ ಬಾ."

ಬಾ ಅಂದ! ಬಾಯಿಬಿಟ್ಟು ಬಾ ಅಂದ! ದೇವೀರಮ್ಮ ಕಾಲು ಊರಿದಳು.

ಮನೇಲಿ ಅತ್ತಿಗೆ ಬಿಸಿ ಮುದ್ದೆ ತಿರುವಿದಳು, ಹಿತಕಿದ ಅವರೆಬೇಳೆ ಸಾರು ಬಡಿಸಿದಳು. ಬೋರ ನಾಲ್ಕು ಮುದ್ದೆ ಉಂಡ. ಐದನೇದಕ್ಕೆ ನಾಚಿಕೊಂಡ.

"ಸಂಕೋಚ ಯಾಕಪ್ಪಾ?" ಅಂದ ಮರಿಗೌಡ. "ಇದು ನಿನ್ನ ಮನೇನೇ ಅಂದ್ಕಳಪ್ಪಾ."

"ಮಾವ ಹೇಳ್ದಂಗೆ ಕೇಳ್ಲಾ" ಅಂದಳು ದೇವೀರಮ್ಮ, ಸುಖವಾಗಿ ಗೋಡೆಗೆ ಒರಗಿಕೊಂಡು.

"ತಿಳೀತು ಕಣವ್ವಾ!"

ಬೋರ ಐದನೇ ಮುದ್ದೆ ಉಂಡು ಎದ್ದ. ಕೈ ತೊಳೆದ. ಎಲೆ ಅಡಿಕೆ ತಟ್ಟೆ ತಂದು ಮರಿಗೌಡನ ಮುಂದೆ ಹಿಡಿದ. ಅವನ ಚಪ್ಪಲಿ ತಂದು ಕಾಲ ಬಳಿ ಜೋಡಿಸಿದ. ಆಮೇಲೆ ಬಾಗಿಲು ಪೂರ್ತಿ ತೆಗೆದು, ಹೊಸ್ತಿಲ ಪಕ್ಕ ನಿಂತು, ಕೈ ಮುಗಿದ.

"ಬಂದಿದ್ದು ಬಾಳ ಸಂತೋಸ ಆಯ್ತು ಮಾವ. ಹೊತ್ತಾಯ್ತು, ಹುಷಾರಾಗಿ ಊರು ಸೇರ್ಕಳಿ. ನಿಮ್ಮನೆಯೋರು ಇನ್ನೂ ಅಡುಗೆಮನೇಲೇ ಅವ್ರೆ, ಮರೆತು ಹೋಗ್ಬಿಟ್ಟೀರ!"